ಒಬ್ಬರ ಅಳತೆ

ವ್ಯಾನ್ ಮನೆ ಪಕ್ಕದ ಓಣಿಯಲ್ಲಿ ಬಂದು ನಿಂತ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಂಟು ವರ್ಷ ಶಾಲೆಯ ಮಕ್ಕಳನ್ನು ಹೊತ್ತು ಸುಸ್ತಾದ ಗಾಡಿ ಅದು. ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಗ್ಯಾರೇಜಿನವನು ಅಗ್ಗಕ್ಕೆ ಕೊಟ್ಟಿದ್ದ. ಇದರೊಳಗೆ ಮಲಗುತ್ತೇವೆ ಎಂದಾಗ, ತನ್ನ ಹೆಂಡತಿ ಇದರಲ್ಲಿ ಕೂರುವುದಕ್ಕೂ ಒಪ್ಪುವವಳಲ್ಲ ಎಂದು ನಕ್ಕಿದ್ದ. ಇನ್ನೊಂದು ತಿಂಗಳಿಗೆ, ಒಂದು ಶನಿವಾರದಿಂದ, ಕಾಲೇಜಿಗೆ ಹತ್ತು ದಿನ ರಜೆ. ಅಷ್ಟರೊಳಗೆ ಅದನ್ನು ಮಲಗಲು, ಟೀ ಕಾಸಲು ಆಗುವಂತೆ ಮಾಡಿ, ನಾನೂ ನನ್ನ ಗಂಡನೂ ಹೊರಡಬೇಕು. ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ಹೊರಟರೆ ಸಾಕಾಗಿತ್ತು.

ಇಪ್ಪತ್ತೆರಡು ವರ್ಷದಿಂದ ನಾನು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ವರ್ಷ ಅದೇ ದ್ರಾವಣ, ಅದೇ ಹನಿಗೆ ಅದೇ ಬಣ್ಣ. ಬದಲಾಗುವುದು ಮಕ್ಕಳು ಮಾತ್ರ. ಈಚೆಗೆ ಎಲ್ಲಿ ಕೂತರೂ ನನ್ನ ಕಾಲು ತಾನಾಗಿ ಅಲುಗುತ್ತಿತ್ತು. ಊಟಕ್ಕೆ ಕೂತರೆ ಮೇಜು ನಡುಗಿ ಲೋಟದ ನೀರು ತುಳುಕುತ್ತಿತ್ತು. ಆ ಕಾಲಿಗೆ ಹೊಲಿಗೆ ಮಿಷನ್ನಿನ ಪೆಡಲ್ ಕಟ್ಟಿದರೆ ಕರೆಂಟು ಉಳಿಯುತ್ತದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಅವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಿಗ್ಗೆ ಕಿಟಕಿಯ ಪಕ್ಕ ಮಿಷನ್ನಿನ ಮುಂದೆ ಕೂತರೆ, ಏಳುವುದು ಊಟಕ್ಕೆ. ಊರಿಗೆ ಊರೇ ಎದ್ದು ಹೊರಟರೂ ಅವರು ಕೈಲಿದ್ದ ಅಂಗಿಯ ತೋಳು ಮುಗಿಸಿಯೇ ತಲೆ ಎತ್ತುವವರು.

ಖರ್ಚು ಹೆಚ್ಚಾಗಬಾರದೆಂದು ಕೈಗೆ ಸಿಕ್ಕಿದ್ದನ್ನೇ ಬಳಸಿದೆ. ಉಪಕರಣಗಳ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಹಾಳೆಗಳನ್ನು ಕೇಳಿ ತಂದು, ಬಿಸಿಲಿನ ಕಾವು ತಡೆಯಲೆಂದು ಚಾವಣಿಗೆ ಅಂಟಿಸಿದೆ. ಪ್ರಯೋಗಾಲಯದಿಂದ ಎಸೆದಿದ್ದ ಮರದ ಕಪಾಟಿನ ಹಲಗೆಗಳಿಂದ ಮಂಚವಾಯಿತು. ಅದರ ಕಾಲ ತುದಿಗೆ ಒಲೆ, ಪಾತ್ರೆ, ನೀರಿನ ಕ್ಯಾನು ಇಡುವ ಪೆಟ್ಟಿಗೆ. ಆ ಪೆಟ್ಟಿಗೆಗೇ ಮೂರು ಭಾನುವಾರ ಹಿಡಿಯಿತು. ವ್ಯಾನಿನ ಗೋಡೆ ಮೇಲಕ್ಕೆ ಹೋದಂತೆ ಒಳಗೆ ಬಾಗುತ್ತದೆ. ರಟ್ಟು ಕತ್ತರಿಸಿ, ಹಿಡಿದು ನೋಡಿ, ಮತ್ತೆ ಕತ್ತರಿಸಿ, ಆ ಬಾಗು ಹಲಗೆಗೆ ಬರುವ ಹೊತ್ತಿಗೆ ನನ್ನ ಬೆರಳುಗಳ ತುಂಬ ಸಿಬಿರು.

ಎಲ್ಲ ಅಳತೆಯನ್ನೂ ಒಂದು ಹಾಳೆಯಲ್ಲಿ ಬರೆದಿದ್ದೆ. ಹಾಸಿಗೆ ಹೊಲಿಯಲು ಅದನ್ನೇ ನನ್ನ ಗಂಡನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ಓದಿದರು. ಮಡಚಿ ಡ್ರಾಯರಿಗೆ ಹಾಕಿದರು.

ರಜೆಗೆ ಮೂರು ದಿನ ಮೊದಲು, ಬುಧವಾರ ಸಂಜೆ ಕಾಲೇಜಿನಿಂದ ಬಂದಾಗ ಹಾಸಿಗೆ ಸಿದ್ಧವಾಗಿತ್ತು. ಪ್ಯಾಂಟು ಹೊಲಿದು ಉಳಿದ ಬೂದು ಬಟ್ಟೆಯ ಹೊದಿಕೆ, ಒಳಗೆ ಫೋಮು. ಹೊಲಿಗೆ ಗೆರೆ ಎಳೆದಂತಿತ್ತು. ಎತ್ತಿಕೊಂಡು ಹೋಗಿ ಮಂಚದ ಮೇಲೆ ಹಾಸಿದೆ. ಅದು ಅರ್ಧ ಮಂಚಕ್ಕೆ ಮಾತ್ರ ಬಂತು.

ಒಳಗೆ ಬಂದು, ಅಗಲ ತಪ್ಪಿದೆ ಎಂದೆ.

"ತಪ್ಪಿಲ್ಲ," ಎಂದರು, ಸೂಜಿಗೆ ದಾರ ಪೋಣಿಸುತ್ತಲೇ.

"ನೂರಹನ್ನೆರಡು ಸೆಂಟಿಮೀಟರ್ ಅಂತ ಬರೆದಿದ್ನಲ್ಲಾ ರೀ."

"ಅದು ಮಂಚದ ಅಳತೆ. ನಾನು ಮಂಚಕ್ಕೆ ಹೊಲಿಯಲ್ಲ, ಮನುಷ್ಯರಿಗೆ ಹೊಲಿತೀನಿ. ಆ ಹಾಳೇಲಿ ಒಬ್ಬರದ್ದೇ ಅಳತೆ ಇತ್ತು."

ಹಾಳೆಯನ್ನು ಡ್ರಾಯರಿನಿಂದ ತೆಗೆದು ನನ್ನ ಮುಂದೆ ಇಟ್ಟರು. ನನ್ನದೇ ದುಂಡು ಅಕ್ಷರ. ಮಂಚದ ಉದ್ದ ನೂರರವತ್ತೆಂಟು: ನನ್ನ ಎತ್ತರ, ಅದಕ್ಕೆ ಹತ್ತು ಸೇರಿಸಿದ್ದು. ಕುಡಿಯುವ ನೀರು ದಿನಕ್ಕೆ ಮೂರು ಲೀಟರ್. ತಟ್ಟೆ ಒಂದು, ಲೋಟ ಒಂದು. ಕಿಟಕಿ ಎಷ್ಟು ತೆರೆದಿರಬೇಕು ಎಂಬ ಲೆಕ್ಕದಲ್ಲೂ ನಾನು ಹಿಡಿದದ್ದು ಒಬ್ಬರ ಉಸಿರು. ಪ್ರಯೋಗದಲ್ಲಿ ಒಂದು ಹನಿ ಹೆಚ್ಚು ಕಡಿಮೆಯಾದರೆ ಮಕ್ಕಳಿಂದ ಮತ್ತೆ ಮಾಡಿಸುವವಳು ನಾನು. ಇದು ಕೈತಪ್ಪು ಎನ್ನುವಂತಿರಲಿಲ್ಲ. ಕೈ ತಪ್ಪುವುದು ಒಂದು ಕಡೆ, ಎಲ್ಲ ಕಡೆಯೂ ಅಲ್ಲ.

ನಾನು ಕೋಣೆಯಲ್ಲಿ ಆಚೆಯಿಂದ ಈಚೆಗೆ ಓಡಾಡಿದೆ. ಗೋಡೆಯಿಂದ ಗೋಡೆಗೆ ಐದು ಹೆಜ್ಜೆ.

"ಅಲ್ಲೇ ತಿರುಗ್ತಾ ಇದ್ರೆ ನನ್ನ ತಲೆ ತಿರುಗುತ್ತೆ ಮಹಾರಾಯ್ತಿ," ಎಂದರು. ನಂತರ ಮಿಷನ್ನಿನ ಸ್ವಿಚ್ಚು ಆರಿಸಿದರು. "ಬೇಜಾರಿಂದ ಕೇಳ್ತಿಲ್ಲ. ನಾನು ಬರಬೇಕಾ, ಬೇಡವಾ? ಒಂದು ಮಾತು ಹೇಳು."

ಬರಲೇಬೇಕು ಎನ್ನುವುದು ಸುಲಭವಾಗಿತ್ತು. ಆದರೆ ಎದುರಿಗೆ ಹಾಳೆ ಇತ್ತು.

"ನಾಲ್ಕು ದಿನ ಒಬ್ಬಳೇ ಇರಬೇಕು ಅನ್ಸುತ್ತೆ," ಎಂದೆ. "ಆಮೇಲೆ ನೀವು ಬೇಕು."

"ನಾಲ್ಕೇ ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ. ಒಬ್ಬಳೇ ಎಲ್ಲೂ ಇದ್ದು ನೋಡಿಲ್ಲ."

ಅವರು ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನವನ್ನು ತೆಗೆಯುವುದು, ಹಾಕುವುದು ಮಾಡಿದರು. ಮುಖದಲ್ಲಿ ನೋವಿತ್ತು, ಇಲ್ಲವೆನ್ನಲಾರೆ. ಜೊತೆಗೆ ಇನ್ನೇನೋ ಹಗುರವಾದದ್ದೂ ಇತ್ತು. ತಮಗೂ ಹತ್ತು ದಿನ ಪೂರ್ತಿ ಅಂಗಡಿ ಮುಚ್ಚಲು ಮನಸ್ಸಿರಲಿಲ್ಲ, ನಾನು ಬಾಯಿಬಿಟ್ಟು ಕರೆಯುವ ಮೊದಲೇ ಬರಲ್ಲ ಎನ್ನುವುದು ಹೇಗೆಂದು ತಾವು ಸುಮ್ಮನಿದ್ದುದಾಗಿ ಒಪ್ಪಿಕೊಂಡರು. ಇಬ್ಬರೂ ಒಂದು ತಿಂಗಳು ಒಂದೇ ಸೂರಿನಡಿ, ಇನ್ನೊಬ್ಬರು ಮೊದಲು ಹೇಳಲಿ ಎಂದು ಕಾಯುತ್ತ ಕೂತಿದ್ದೆವು.

"ಐದನೇ ದಿನ ಬಸ್ಸಿಗೆ ಬರ್ತೀನಿ," ಎಂದರು. "ಈಗಲೇ ಅಳೆ. ನಾಳೆ ಇನ್ನರ್ಧ ಹೊಲಿತೀನಿ."

ವ್ಯಾನಿನಲ್ಲಿ ಮಲಗಿಸಿ ನೋಡಿದೆ. ಅವರು ನೂರ ಎಪ್ಪತ್ತನಾಲ್ಕು ಸೆಂಟಿಮೀಟರ್. ಹಿಮ್ಮಡಿ ಪೆಟ್ಟಿಗೆಗೆ ತಾಗಿ ಮೊಣಕಾಲು ಎದ್ದು ನಿಂತವು. ಓರೆಯಾಗಿ ಮಲಗಿದರೆ ನನಗೆ ಜಾಗವಿಲ್ಲ. ಮುಂದಿನ ಸೀಟು ಇನ್ನು ಒಂದಿಂಚೂ ಸರಿಯುವುದಿಲ್ಲ. ಉಳಿದದ್ದು ನನ್ನ ಪೆಟ್ಟಿಗೆ. ಅವರು ಬೇಡವೆನ್ನುತ್ತಿದ್ದರೂ ಪೆನ್ಸಿಲ್ಲಿನಿಂದ ಗುರುತು ಹಾಕಿ, ಅವರ ಕಾಲು ಒಳಗೆ ಹೋಗುವಷ್ಟು ಅಗಲಕ್ಕೆ ಮಂಚದ ಕಡೆಯ ಹಲಗೆಯನ್ನು ಕೊಯ್ದೆ. ಅರ್ಧ ಗಂಟೆಯ ಕೆಲಸ. ಒಲೆಯ ಜಾಗ ಹೋಯಿತು. ಹೊರಗೆ ಇಟ್ಟು ಕಾಸಿದರಾಯಿತು.

ಶನಿವಾರ ಬೆಳಿಗ್ಗೆ ಸಾಮಾನು ತುಂಬಿಸಿ, ಎಂಜಿನ್ ಚಾಲೂ ಮಾಡಿ, ಹೋಗಿಬರುತ್ತೇನೆ ಎಂದೆ. ಅವರು ಕಿಟಕಿಯ ಮೇಲೆ ಕೈಯಿಟ್ಟರು.

"ನೀನು ಎಲ್ಲಿರ್ತೀಯ ಅಂತ ತಿಳೀದೆ ನಾನು ಯಾವ ಬಸ್ಸು ಹತ್ತಲಿ?"

ಇಷ್ಟು ದಿನ ನಾನು ಒಂದೇ ಒಂದು ಊರಿನ ಹೆಸರೂ ಎತ್ತಿರಲಿಲ್ಲ. ಎಂಜಿನ್ ಆರಿಸಿದೆ. ನಕ್ಷೆ ಬಿಡಿಸಿ ಸ್ಟೀರಿಂಗಿಗೆ ಒರಗಿಸಿ ನೋಡಿದೆ. ಬಸ್ ನಿಲ್ದಾಣ ಇರುವ ಊರಾಗಬೇಕು, ಬೆಳಿಗ್ಗೆ ಹೊರಟವರು ಕತ್ತಲಾಗುವ ಮೊದಲು ತಲುಪಬೇಕು, ಹತ್ತಿರದಲ್ಲಿ ಗಾಡಿ ನಿಲ್ಲಿಸಲು ನೆರಳಿರಬೇಕು. ಒಂದು ಊರಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ ತೋರಿಸಿದೆ. ಬರುವ ಬುಧವಾರ, ಸಂಜೆ ನಾಲ್ಕು ಗಂಟೆ. ಅವರು ಊರಿನ ಹೆಸರನ್ನು ಎರಡು ಸಲ ಓದಿ, ಆಗಲಿ ಎಂದು ಓಣಿಯ ಬಾಯಿಗೆ ಹೋಗಿ ನಿಂತು, ಬೇರೆ ಗಾಡಿ ಬರುತ್ತಿದೆಯೇ ಎಂದು ಎರಡೂ ಕಡೆ ನೋಡಿ, ನನಗೆ ಬಾ ಎಂದು ಕೈ ಬೀಸಿದರು.