ಮೊಮ್ಮಗಳ ಮಂಚ

ಅಜ್ಜಿಯ ಮನೆಯಲ್ಲಿ ಒಲೆ ಸರಿಯಿತ್ತು, ಕಿಟಕಿಗೆ ಸರಳಿತ್ತು, ಬಚ್ಚಲು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಮಂಚ ಮಾತ್ರ ಒಂದೇ. ಮಕ್ಕಳ ಕಲ್ಯಾಣ ಕಚೇರಿಯಿಂದ ಬಂದ ತಪಾಸಣಾಧಿಕಾರಿ ಪೆನ್ನಿನ ಮುಚ್ಚಳ ಕಚ್ಚುತ್ತ ನಿಂತಳು. ತಾಯಿ ಆಸ್ಪತ್ರೆ ಸೇರಿದ್ದರಿಂದ ಆರು ವರ್ಷದ ಹುಡುಗಿಯ ಹೊಣೆ ಕಚೇರಿಯದಾಗಿತ್ತು. ಮಗುವಿಗೆ ಪ್ರತ್ಯೇಕ ಮಂಚವಿಲ್ಲದ ಮನೆಗೆ ಒಪ್ಪಿಗೆಯಿಲ್ಲ. ಶುಕ್ರವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಹುಡುಗಿ ಅಜ್ಜಿಯನ್ನು ಬಿಟ್ಟು ಗುರುತಿಲ್ಲದವರ ಸಾಕುಮನೆಗೆ ಹೋಗಬೇಕು.

"ಇವಳಮ್ಮನೂ ಇದೇ ಮಂಚದಲ್ಲೇ ಬೆಳೆದಿದ್ದು ಕಣಮ್ಮ. ಒಂದು ದಿನಾನೂ ಯಾರೂ ಬಿದ್ದಿಲ್ಲ," ಎಂದಳು ಅಜ್ಜಿ.

"ನಾನ್ ಬಿದ್ದಿದ್ನಲ್ಲ ಅಜ್ಜಿ, ಮೊನ್ನೆ!"

"ಸುಮ್ನಿರೇ, ಬಂದೋರ ಮುಂದೆ ಮಾನ ಕಳೀಬೇಡ."

ನಗು ನುಂಗಿಕೊಂಡು ಅಧಿಕಾರಿ ಕಚೇರಿಗೆ ಮರಳಿದಳು. ಹತ್ತೊಂಬತ್ತು ವರ್ಷಗಳಿಂದ ಅವಳು ತುಂಬುತ್ತಿದ್ದುದು ಒಂದೇ ಅರ್ಜಿ: ಮಗುವನ್ನು ಸಾಕುಮನೆಗೆ ಕಳಿಸಿದರೆ ಅದರ ಖರ್ಚಿಗೆ ಕೇಂದ್ರದ ಅನುದಾನ. ಆ ಅನುದಾನವನ್ನು ಮಗುವನ್ನು ತನ್ನವರ ಬಳಿಯೇ ಉಳಿಸಲೂ ರಾಜ್ಯ ಬಳಸಬಹುದೆಂಬ ಸುತ್ತೋಲೆ ಬಂದು ಎರಡು ವರ್ಷವಾಗಿತ್ತು. ಮೇಜಿನ ಮೇಲಿದ್ದ ಅದರ ತುಂಬ ಟೀ ಲೋಟದ ಗುಂಡು ಕಲೆಗಳು. ಲೋಟ ಇಡುತ್ತಿದ್ದವಳು ತಾನೇ. ಕೂತು ಅದನ್ನು ಮೊದಲ ಸಲ ಪೂರ್ತಿ ಓದಿ, ಮಂಚದ ಖರ್ಚಿಗೆ ಅರ್ಜಿ ಬರೆದಳು.

"ಮಂಚಕ್ಕೆಲ್ಲ ದುಡ್ಡು ಕೊಡ್ತಾರೇನ್ರೀ? ಇಷ್ಟು ದಿನ ಯಾರೂ ಕೇಳಿಲ್ಲ," ಎಂದರು ಮೇಲಧಿಕಾರಿ.

"ಅದಕ್ಕೇ ಕೇಳ್ತಿದ್ದೀನಿ ಸಾರ್. ಏಳನೇ ಪುಟ. ಟೀ ಕಲೆ ಕೆಳಗೇ ಇದೆ."

ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಸಹಿ ಹಾಕಿದರು.

ಗುರುವಾರ ಮಂಚ ಬಂತು. ಶುಕ್ರವಾರ ಬೆಳಿಗ್ಗೆ ಅಧಿಕಾರಿ ಹೋದಾಗ ಹೊಸ ಮಂಚದ ಮೇಲೆ ಚಿಂದಿಗೊಂಬೆಯೊಂದು ಕತ್ತಿನವರೆಗೆ ಹೊದ್ದು ಮಲಗಿತ್ತು. ದಿಂಬುಗಳೆರಡೂ ಅಜ್ಜಿಯ ಮಂಚದಲ್ಲಿದ್ದವು.

ಅಜ್ಜಿಯ ಮುಖ ಸಣ್ಣಗಾಯಿತು. "ಸುಳ್ಳು ಹೇಳಲ್ಲಮ್ಮ. ಮಂಚ ಅವಳದೇ. ನಿದ್ದೆ ಮಾತ್ರ ನನ್ನ ಮಗ್ಗುಲಲ್ಲಿ."

ಅಧಿಕಾರಿ ತಪಾಸಣೆಯ ಹಾಳೆ ತೆರೆದಳು. 'ಮಗುವಿಗೆ ಪ್ರತ್ಯೇಕ ಮಂಚ ಇದೆಯೇ?' ಎಂದಷ್ಟೇ ಅದು ಕೇಳುತ್ತಿತ್ತು. ಯಾರು ಎಲ್ಲಿ ಮಲಗುತ್ತಾರೆಂದು ಕೇಳುವ ಸಾಲು ಎಲ್ಲೂ ಇರಲಿಲ್ಲ. 'ಇದೆ' ಎಂದು ಬರೆದು, ಕೆಳಗೆ ಒಪ್ಪಿಗೆಯ ಸಹಿ ಹಾಕಿದಳು.

"ಇವಳು ಇಲ್ಲೇ ಇರ್ತಾಳೆ, ಅಜ್ಜಿ," ಎಂದಳು.

ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, ಏನೂ ಆಗದವಳಂತೆ ಒಲೆಯತ್ತ ತಿರುಗಿದಳು. ಹೊರಡುವಾಗ ಅಧಿಕಾರಿ ಬಾಗಿ, ಗೊಂಬೆಯ ಜಾರಿದ ಹೊದಿಕೆಯನ್ನು ಎಳೆದು ಸರಿಮಾಡಿದಳು.

"ಮೆಲ್ಲಗೆ ಆಂಟಿ," ಪಿಸುಗುಟ್ಟಿದಳು ಹುಡುಗಿ, "ಎದ್ಬಿಡುತ್ತೆ."