ಕೋಚ್ ಟಿಂಬ್ರೆಲ್‌ನ ನಿಷ್ಠೆಯ ಪಾಠ

ಐದು ವರ್ಷಗಳಲ್ಲಿ ನಾಲ್ಕು ಕಾಲೇಜುಗಳ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸಿದ ಹೊರೇಸ್ ಟಿಂಬ್ರೆಲ್‌ನನ್ನು ಆ ನಾಲ್ಕೂ ಕಾಲೇಜುಗಳು ಬಹಳ ಗೌರವದಿಂದ ರೈಲು ಹತ್ತಿಸಿದ್ದವು. ಐದನೆಯದು ಒಹಾಯೊದ ಆಲ್ಡರ್‌ಬ್ರೂಕ್. ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾದರೂ ಅವನ ಹೆಂಡತಿ ಮಿನರ್ವಾ ತವರಿನಿಂದ ತಂದ ಪಿಂಗಾಣಿ ತಟ್ಟೆಗಳ ಪೆಟ್ಟಿಗೆಯ ಮೊಳೆ ಕಿತ್ತಿರಲಿಲ್ಲ. ಊಟ ತಗಡಿನ ತಟ್ಟೆಯಲ್ಲೇ ನಡೆಯುತ್ತಿತ್ತು.

"ತೆಗೆದು ಜೋಡಿಸೋದು, ಮತ್ತೆ ಹುಲ್ಲು ಸುತ್ತಿ ತುಂಬೋದು, ನನ್ನ ಕೈಲಾಗಲ್ಲ ರೀ. ಮೂರು ವರ್ಷದ ಕೆಲಸದ ಕರಾರಿನ ಕಾಗದ ಬರಲಿ, ಅವತ್ತೇ ತೆಗೀತೀನಿ," ಎನ್ನುತ್ತಿದ್ದಳು. ಟಿಂಬ್ರೆಲ್ ಆ ಪೆಟ್ಟಿಗೆಯ ಕಡೆ ನೋಡದೆ ಓಡಾಡುತ್ತಿದ್ದ. ಇನ್ನೊಂದು ಊರಿಗೆ ಅವಳು ಬರುವುದಿಲ್ಲ, ಪೆಟ್ಟಿಗೆಯ ಜೊತೆ ನೇರ ತವರಿಗೆ ಹೋಗುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಪೂರ್ವದ ದೊಡ್ಡ ಕಾಲೇಜೊಂದರಲ್ಲಿ ಓದುವಾಗ ಅವನು ಎರಡು ವರ್ಷ ಬದಲಿ ಆಟಗಾರರ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ರೈಲು ಪಶ್ಚಿಮಕ್ಕೆ ಬಂದಷ್ಟೂ ಅವನ ಮಾತಿನಲ್ಲಿ ಆ ಬೆಂಚು ಮೈದಾನದ ನಡುವಿಗೆ ಸರಿಯಿತು. ಆಲ್ಡರ್‌ಬ್ರೂಕ್ ತಲುಪುವಷ್ಟರಲ್ಲಿ ಅವನು ಆ ತಂಡದ ನಾಯಕನೇ ಆಗಿದ್ದ. ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲೂ ಅವನ ಕೊರಳಿಗೇ ಬಿತ್ತು. ಆ ಆಟವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಅಂಚೆಯಲ್ಲಿ ನಿಯಮದ ಪುಸ್ತಕ ತರಿಸಿದ, ಓದಲು ಬೇಸರವಾಗಿ ಫುಟ್‌ಬಾಲಿನ ಹಾಗೆ ಚೆಂಡು ಹಿಡಿದವನನ್ನು ಕೆಡವುವುದನ್ನೇ ಕಲಿಸಿದ. ಮೊದಲ ಪಂದ್ಯ ಮುಗಿಯುವ ಹೊತ್ತಿಗೆ ಎದುರಾಳಿಗಳಲ್ಲಿ ಇಬ್ಬರು ಮಾತ್ರ ಕಾಲ ಮೇಲೆ ನಿಂತಿದ್ದರು. ಆ ಇಬ್ಬರೇ ಗೆದ್ದರು.

ಭಾಷಣದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಪ್ರತಿ ಸೋಮವಾರ ಪ್ರಾರ್ಥನಾ ಮಂದಿರದಲ್ಲಿ ನಿಂತು, "ಕಾಲು ಮುರಿದ್ರೆ ಮುರೀಲಿ, ಕಾಲೇಜಿನ ಮೇಲಿನ ನಿಷ್ಠೆ ಮುರೀಬಾರದು," ಎನ್ನುತ್ತಿದ್ದ. ಕಾಲು ಹುಡುಗರದು.

ಕಾಲೇಜಿನ ಅಧ್ಯಕ್ಷರು ಪಾದ್ರಿ ಪೆಲ್ಹಮ್. ಸೆಪ್ಟೆಂಬರಿನಲ್ಲೇ ಅವರು ಕರೆದು ಹೇಳಿದ್ದರು: "ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಕಾರ್ವಿತ್ ಕಾಲೇಜಿನವರನ್ನ ಸೋಲಿಸಿ ಕೋಚ್ ಅವರೇ, ಮೂರು ವರ್ಷದ ಕರಾರಿಗೆ ಅವತ್ತೇ ಸಹಿ. ಸೋತ್ರೆ, ರೈಲಿನ ವೇಳೆ ನಿಮಗೇ ಗೊತ್ತಲ್ಲ."

ಹನ್ನೆರಡು ಮೈಲಿ ಆಚೆಯ ಕಾರ್ವಿತ್ ಒಂಬತ್ತು ವರ್ಷದಿಂದ ಆಲ್ಡರ್‌ಬ್ರೂಕ್‌ಗೆ ಸೋತಿರಲಿಲ್ಲ. ಟಿಂಬ್ರೆಲ್ ಎಲ್ಲ ಕೋಚುಗಳೂ ಹಿಡಿಯುವ ದಾರಿ ಹಿಡಿದ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗೆ ಹೋಗಿ, ಬಾಗಿಲಷ್ಟು ಅಗಲದ ಗಸ್ ಡ್ರೆಬೆಲ್ ಎಂಬವನನ್ನು ಕರೆತಂದು, ಸೈರಸ್ ವಿಟಮ್ ಎಂಬ ಸುಳ್ಳು ಹೆಸರಿನಲ್ಲಿ, ವಯಸ್ಸು ಹತ್ತೊಂಬತ್ತು ಎಂದು ಬೈಬಲ್ ತರಗತಿಗೆ ಸೇರಿಸಿದ. ಹತ್ತೊಂಬತ್ತರ ಹುಡುಗನಿಗೆ ಗಿರಿಜಾ ಮೀಸೆ, ಕಿವಿಯ ಪಕ್ಕ ನರೆ.

ಪ್ರಾರ್ಥನೆಯಲ್ಲಿ ಅವನು ಮುಂದಿನ ಬೆಂಚು. "ಎಂಥ ಭಕ್ತಿ ನೋಡಿ," ಎಂದು ಪೆಲ್ಹಮ್ ಮೆಚ್ಚಿದರು. "ಕಣ್ಣು ಮುಚ್ಚಿದ್ರೆ ಪ್ರವಚನ ಮುಗಿಯೋವರೆಗೂ ತೆಗೆಯಲ್ಲ." ಮೈದಾನದಲ್ಲೂ ಕುಂದಿಲ್ಲ, ಅವನಾಡಿದ ಎರಡು ಪಂದ್ಯಗಳನ್ನೂ ಆಲ್ಡರ್‌ಬ್ರೂಕ್ ಗೆದ್ದಿತು. ಆದರೆ ಒಂದು ಶನಿವಾರ ಆಡಿದರೆ ಮುಂದಿನ ಶನಿವಾರ ಅಜ್ಜಿ ತೀರಿಕೊಂಡಳೆಂದು ಹೊರಟುಬಿಡುತ್ತಿದ್ದ. ಹೀಗೆ ಮೂರು ಅಜ್ಜಿಯರು ಹೋದರು.

ಥ್ಯಾಂಕ್ಸ್‌ಗಿವಿಂಗ್ ಬೆಳಿಗ್ಗೆ ಮಿನರ್ವಾ ಟರ್ಕಿ ಕೋಳಿಯನ್ನು ಒಲೆಗಿಟ್ಟು, ಸುತ್ತಿಗೆ ತಗೊಂಡು ಪೆಟ್ಟಿಗೆಯ ಮುಂದೆ ಕೂತಳು. "ನಿಮ್ಮ ಆ ದೈತ್ಯನ್ನ ನಂಬಿ ಮೊಳೆ ಕೀಳ್ತಿದೀನಿ ರೀ. ಗೆದ್ದು ಬನ್ನಿ."

ದೈತ್ಯ ತಿಂಡಿಗೂ ಬಂದಿರಲಿಲ್ಲ, ಮೈದಾನಕ್ಕೂ ಬರಲಿಲ್ಲ. ಕಾರ್ವಿತ್‌ನ ಹುಡುಗರು ಕೆಂಪು ಅಂಗಿ ತೊಟ್ಟು ಓಡಿ ಬಂದರು. ಎಲ್ಲರಿಗಿಂತ ಮುಂದೆ, ಮೀಸೆ ಬೋಳಿಸಿಕೊಂಡು, ಗಸ್ ಡ್ರೆಬೆಲ್.

ಟಿಂಬ್ರೆಲ್ ಅವನನ್ನು ಗೆರೆಯ ಪಕ್ಕಕ್ಕೆಳೆದ. "ಏನೋ ಇದು? ನಮ್ಮ ಕಾಲೇಜಲ್ಲವೇನೋ ನೀನು?"

"ನಿಮ್ಮಲ್ಲಿ ಈ ವರ್ಷ ಸೇರಿದ್ದು ಗುರುಗಳೇ. ಇವರಲ್ಲಿ ನಾನು ಮೂರನೇ ವರ್ಷ," ಎಂದ ಡ್ರೆಬೆಲ್, ತುಂಬ ಮರ್ಯಾದೆಯಿಂದ. "ಮೊದಲು ನಿಮ್ಮ ಕಡೆಯೇ ಆಡಿಬಿಡೋಣ ಅನ್ಕೊಂಡಿದ್ದೆ. ನಿಮ್ಮ ನಿಷ್ಠೆ ಭಾಷಣ ಕೇಳಿ ಮನಸ್ಸು ಕರಗಿಹೋಯ್ತು. ಹಳೇ ಕಾಲೇಜನ್ನ ಹೇಗೆ ಬಿಡೋದು ಹೇಳಿ?"

ನಿಯಮದ ಪ್ರಕಾರ, ಒಂದೇ ವರ್ಷ ಎರಡು ಕಾಲೇಜಿಗೆ ಆಡಿದವನನ್ನು ಮೈದಾನಕ್ಕಿಳಿಸಿದ ತಂಡ ಸೋತಂತೆಯೇ. ಟಿಂಬ್ರೆಲ್ ಬಾಯಿಬಿಟ್ಟರೆ ಪಂದ್ಯ ಅವನದು. ಆದರೆ ಬಾಯಿಬಿಟ್ಟರೆ, ಗಣಿಯವನನ್ನು ಬೈಬಲ್ ತರಗತಿಗೆ ಸೇರಿಸಿದ್ದು ಯಾರೆಂದೂ ಹೇಳಬೇಕು. ಅಷ್ಟರಲ್ಲಿ ಪೆಲ್ಹಮ್ ಕೈಬೀಸಿ ಕರೆದರು.

"ಆ ಎತ್ತರದವನು ನಮ್ಮ ಸೈರಸ್ ಥರ ಇದ್ದಾನಲ್ಲ?"

"ಅವನ ಅಣ್ಣ ಸರ್. ಅವಳಿ-ಜವಳಿ."

"ಸೈರಸ್ ಎಲ್ಲಿ?"

"ಅಜ್ಜಿ ತೀರಿಕೊಂಡ್ರು ಅಂತ ಊರಿಗೆ ಹೋದ."

"ಇವನಿಗೂ ಅದೇ ಅಜ್ಜಿಯಲ್ಲವೇ?"

"ಇವನಿಗೆ ಅಷ್ಟು ಭಕ್ತಿ ಇಲ್ಲ ಸರ್," ಎಂದ ಟಿಂಬ್ರೆಲ್.

ಭಕ್ತಿಯಿಲ್ಲದವನು ಆಲ್ಡರ್‌ಬ್ರೂಕ್‌ನ ಹುಡುಗರನ್ನು ನೆಲಕ್ಕೆ ಹಾಕಿ ತುಳಿದ. ಇಪ್ಪತ್ತಮೂರು–ಸೊನ್ನೆ. ಮುರಿದಿದ್ದು ಒಂದು ಕಾಲು, ಎರಡು ಕೈ. ನಿಷ್ಠೆಗೆ ಏನೂ ಆಗಲಿಲ್ಲ.

ಟೋಪಿ ಕೈಯಲ್ಲಿ ಹಿಡಿದು ನಿಂತ ಟಿಂಬ್ರೆಲ್‌ನ ಹೆಗಲ ಮೇಲೆ ಪೆಲ್ಹಮ್ ಕೈಯಿಟ್ಟರು. "ಅಜ್ಜಿ ಸತ್ತಿದ್ದು ನಿಮ್ಮ ತಪ್ಪಲ್ಲ. ಕಾಲೇಜು ಮಂಡಳಿಯವರ ಜೊತೆ ಮಾತಾಡಿದೆ. ಮೂರು ವರ್ಷದ ಕರಾರು ಕೊಡ್ತೀವಿ, ಒಂದು ಷರತ್ತಿನ ಮೇಲೆ. ಮುಂದಿನ ವರ್ಷ ವಿಟಮ್ ಅಣ್ಣ-ತಮ್ಮ ಇಬ್ರೂ ನಮ್ಮ ಕಡೆ, ಒಟ್ಟಿಗೆ ಮೈದಾನಕ್ಕಿಳೀಬೇಕು. ಇಲ್ಲದಿದ್ರೆ ಕರಾರು ರದ್ದು."

ಟಿಂಬ್ರೆಲ್ ಪೆಲ್ಹಮ್‌ರ ಮುಖ ನೋಡಿದ. ಪ್ರವಚನ ಮಾಡುವಾಗಿನ ಮುಖವೇ. ಸುಳ್ಳು ಗೊತ್ತಾಗಿ ಹೇಳಿದ್ದೋ, ನಂಬಿ ಹೇಳಿದ್ದೋ ತಿಳಿಯಲಿಲ್ಲ.

ಮನೆಯಲ್ಲಿ ಮೇಜಿನ ಮೇಲೆ ನೀಲಿ ಹೂವಿನ ತಟ್ಟೆಗಳು ಸಾಲಾಗಿದ್ದವು. ಕಾಗದ ಸಿಕ್ಕಿತೇ ಎಂದು ಮಿನರ್ವಾ ಕೇಳಿದಳು. ಸಿಕ್ಕಿತು ಎಂದ. ಅವಳ ಮುಖ ಅರಳಿದ್ದು ನೋಡಿ ಅವನಿಗೆ ಅಳು ಬಂದಂತಾಯಿತು, ಷರತ್ತನ್ನೂ, ಅಣ್ಣ-ತಮ್ಮ ಇಬ್ಬರೂ ಒಬ್ಬನೇ ಎಂಬುದನ್ನೂ ಹೇಳಿಬಿಟ್ಟ.

ಅವಳು ಬೈಯಲಿಲ್ಲ. ಟರ್ಕಿ ಕೊಯ್ದು ಬಡಿಸಿದಳು, ಇನ್ನೊಂದು ತುಂಡು ಹಾಕಿಸಿಕೊಳ್ಳಿ ಎಂದಳು. ಊಟವಾದ ಮೇಲೆ ತಟ್ಟೆಗಳನ್ನು ತೊಳೆದು, ಒಂದೊಂದಾಗಿ ಒರೆಸಿದಳು.

"ಪೆಟ್ಟಿಗೆಯ ಹುಲ್ಲು ಇನ್ನೂ ಹಿತ್ತಲಲ್ಲೇ ಇದೆ, ತನ್ನಿ," ಎಂದಳು. "ಸುತ್ತಿಗೆ ನನ್ನ ಹತ್ರಾನೇ ಇದೆ."