ತಕ್ಕಡಿ ಕೋಲಿಯ ಕೀಲಿ

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ, ಬೆಟಗೇರಿಯ ಅರಳೆ ವ್ಯಾಪಾರಸ್ಥರ ಮನೆಯೊಂದರಲ್ಲಿ, ಸುಮಿತ್ರವ್ವ ತನ್ನ ಸೊಂಟದ ಚಾವಿ ಬಿಚ್ಚಿ ಸೊಸೆ ಕಾಂಚನಾಳ ಕೈಗೆ ಕೊಟ್ಟಳು. ಕೊಟ್ಟಳು ಅನ್ನುವುದು ಹೇಳುವುದಕ್ಕಷ್ಟೆ, ಕಿತ್ತುಕೊಂಡರು ಅಂದರೂ ನಡೆಯುತ್ತದೆ. ಮೊಣಕಾಲಿನ ಆಪರೇಶನ್ ಆದಮೇಲೆ ನೆಲಕ್ಕೆ ಕುಂತು ಪೂಜೆ ಮಾಡಬೇಡಿರೆಂದು ಡಾಕ್ಟರು ಹೇಳಿದ್ದರು. ಮಗ ಶಿವಯೋಗಿ ಅದನ್ನೇ ಹಿಡಿದು ಕೂತ. ಸಾಕ್ಷಿಗೆ ಇರಲಿ ಎಂಬಂತೆ ಲಕ್ಷ್ಮೇಶ್ವರದಿಂದ ತಾಯಿಯ ನಾದಿನಿ ಶಿವಲಕ್ಷ್ಮಿಯನ್ನೂ ಕರೆಸಿದ್ದ.

ಆ ಚಾವಿ ತಕ್ಕಡಿ ಕೋಲಿಯದು, ತಕ್ಕಡಿ ಇಟ್ಟ ಕೋಣೆಯದು. ನಡುಮನೆಯ ಆಚೆ ಒಂದು ಕತ್ತಲ ಸಂದಿ, ಸಂದಿಯ ಕೊನೆಗೆ ಸಾಗುವಾನಿಯ ಹಳೆಯ ಬಾಗಿಲು, ಬಾಗಿಲ ಮೈಯೊಳಗೇ ಕೂರಿಸಿದ ಹಿತ್ತಾಳೆಯ ಕೀಲಿ. ಒಳಗಿರುವುದು ಈ ಮನೆಯ ಮೊದಲ ಹಿರಿಯ ಅರಳೆ ತೂಗಿದ ತಕ್ಕಡಿ. ಅದೇ ಇವರ ಲಕ್ಷ್ಮಿ. ಅಮಾವಾಸ್ಯೆಗೊಮ್ಮೆ ಚಾವಿ ಹಿಡಿದವಳೊಬ್ಬಳೇ ಒಳಗೆ ಹೋಗಿ ದೀಪ ಹಚ್ಚಬೇಕು, ಉಳಿದವರು ಪಡಸಾಲೆಯಲ್ಲಿ ಕಾಯಬೇಕು. ಅದಕ್ಕೂ ಮೊದಲು ಕೀಲಿಗೇ ಪೂಜೆ: ವಿಭೂತಿ, ಕುಂಕುಮ, ಚಾವಿಯ ತೂತಿಗೆ ಒಂದು ಹನಿ ತುಪ್ಪ. ನಾಲ್ಕು ತಲೆಮಾರಿನ ಹೆಂಗಸರು ಹನಿಸಿದ ತುಪ್ಪ ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ದೇವರಿಗೆ ಕೊಟ್ಟದ್ದರ ವಿಚಾರಣೆ ಯಾರು ಮಾಡುತ್ತಾರೆ?

ಎಲ್ಲಿಗೆ ಹೋಯಿತೆಂದು ಸುಮಿತ್ರವ್ವನಿಗೂ ಗೊತ್ತಿರಲಿಲ್ಲ. ಆದರೆ ಆ ಕೀಲಿ ಕಚ್ಚಿಕೊಂಡು ಐದು ವರ್ಷ ಆಗಿದೆ ಎಂಬುದು ಆಕೆಗೆ ಮಾತ್ರ ಗೊತ್ತಿತ್ತು. ಆವತ್ತು ಮಗನನ್ನು ಕೂಗಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದು ಹೇಗೆ? ಅದರ ಹಿಂದಿನ ದಿನವಷ್ಟೇ ಕಾಂಚನಾ, ಅತ್ತೆಯ ಕಾಲುನೋವು ನೋಡಲಾರದೆ, ನಾಳೆ ದೀಪ ನಾನು ಹಚ್ಚಲೇ ಎಂದು ಕೇಳಿದ್ದಳು. ಆ ಕೀಲಿ ರೂಢಿಯ ಕೈಗಷ್ಟೇ ಬಗ್ಗುತ್ತದೆ, ಹೊರಗಿನಿಂದ ಬಂದವರಿಗೆ ತೆರೆಯುವುದಿಲ್ಲ ಎಂದು ಸುಮಿತ್ರವ್ವ ಓಣಿಗೆಲ್ಲ ಕೇಳುವಂತೆ ಅಂದುಬಿಟ್ಟಿದ್ದಳು. ಅಂದ ಬಾಯಿಗೆ ಮರುದಿನವೇ ಮಣ್ಣು ಬಿತ್ತು. ತಾನೂ ಡಂಬಳದಿಂದ ಈ ಮನೆಗೆ ಬಂದವಳೇ ಅನ್ನುವುದು ನೆನಪಾದದ್ದು ಆಮೇಲೆ.

ಏನು ಮಾಡಿದಳು? ಸಂದಿಗೆ ನಡುಮನೆಯ ಕಡೆಯಿದ್ದ ಬಾಗಿಲು ಮುಂದೆ ಮಾಡಿಕೊಂಡು, ಮುಚ್ಚಿದ ಕೋಲಿಯ ಎದುರಿಗೇ ದೀಪ ಹಚ್ಚಿ, ಸ್ವಲ್ಪ ಹೊತ್ತು ಕುಂತು, ಆರತಿ ಹಿಡಿದು ಹೊರಗೆ ಬಂದಳು. ಎಲ್ಲರೂ ಕೈಮುಗಿದರು. ಮುಂದಿನ ಅಮಾವಾಸ್ಯೆಗೂ ಅದೇ ಆಟ. ಇವತ್ತಾದರೂ ಸಡಿಲಾಗಲಿ ಎಂದು ಒಂದು ಹನಿಯ ಬದಲು ನಾಲ್ಕು ಹನಿ ತುಪ್ಪ. ಹೀಗೆ ಐದು ವರ್ಷ. ಲಕ್ಷ್ಮಿಗೆ ದೀಪವಿಲ್ಲದೆ ವ್ಯಾಪಾರ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ, ಶಿವಯೋಗಿ ಮುಂಡರಗಿಯಲ್ಲಿ ಎರಡನೇ ಗೋದಾಮು ಹಿಡಿದ. ಅದು ಆಕೆಯನ್ನು ಇನ್ನಷ್ಟು ಹೆದರಿಸಿತು.

ಈಗ ಬಾಗಿಲು ತೆರೆದರೆ ಒಳಗಿನ ಧೂಳೇ ಎಲ್ಲ ಹೇಳಿಬಿಡುತ್ತದೆ. ಇಡೀ ಮನೆತನಕ್ಕೆ ಸುಳ್ಳು ಆರತಿ ಕೊಟ್ಟವಳು ಎಂದು ಎಪ್ಪತ್ತೊಂದನೆಯ ವಯಸ್ಸಿಗೆ ಅನ್ನಿಸಿಕೊಳ್ಳಬೇಕು.

ಕಾಂಚನಾ ಚಾವಿ ಹಾಕಿ ತಿರುಗಿಸಿದಳು. ತಿರುಗಲಿಲ್ಲ. ಎರಡೂ ಕೈ ಹಚ್ಚಿದಳು. ಊಹೂಂ. ಶಿವಲಕ್ಷ್ಮಿ ಲೊಚಗುಟ್ಟಿ, ಕೈ ಕೂಡಿಬರಲಿಲ್ಲ ನೋಡು ಎಂದಳು. ಬದುಕಿದೆ ಎಂದುಕೊಂಡಳು ಸುಮಿತ್ರವ್ವ. ಇಷ್ಟಕ್ಕೇ ಮುಗಿದರೆ ತಪ್ಪೆಲ್ಲ ಸೊಸೆಯ ಕೈಮೇಲೆ ಹೋಗಿ ತಾನು ಪಾರು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಬಹಳ ಹೊತ್ತಲ್ಲ. ಹೊರಗೇ ದೀಪ ಹಚ್ಚಿದರೆ ಏನಾಯಿತು, ದೇವರು ಗೋಡೆಯ ಈಚೆಗೂ ಇರುತ್ತಾನೆ ಎಂದು ಸುರು ಮಾಡಿದಳು. ಐವತ್ತು ವರ್ಷ ಮಡಿ ಮಡಿ ಎಂದು ಮನೆಯವರ ಜೀವ ತಿಂದವಳ ಬಾಯಲ್ಲಿ ಈ ಮಾತು ಕೇಳಿ ಶಿವಯೋಗಿ ತಾಯಿಯ ಮುಖವನ್ನೇ ನೋಡಿದ. ಕಾಂಚನಾ ಅಲ್ಮಾಸಬಿಗೆ ಫೋನ್ ಮಾಡಿದಳು.

ಗದಗಿನ ಟಾಂಗಾಕೂಟದ ಹತ್ತಿರ ಅಲ್ಮಾಸಬಿಯದು ಕೀಲಿ ರಿಪೇರಿಯ ಗೂಡಂಗಡಿ. ಗಂಡ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ಕುಂತವಳು. ಆಟೋದಲ್ಲಿ ಬಂದು ಚೀಲ ಇಳಿಸಿ, ಸಂದಿಯಲ್ಲಿ ಗಾಳಿ ಇಲ್ಲವೆಂದು ಎಲ್ಲರನ್ನೂ ಪಡಸಾಲೆಗೆ ಕಳಿಸಿದಳು. ಮಷೀನು ತರಿಸಿ ಕೊಯ್ಯಿಸಲೇ ಎಂದು ಶಿವಯೋಗಿ ಕೇಳಿದ್ದಕ್ಕೆ ಪಡಸಾಲೆಯ ದಾರಿಯನ್ನೇ ಮತ್ತೆ ತೋರಿಸಿದಳು. ಅತ್ತೆ ಸೊಸೆ ಇಬ್ಬರೇ ಉಳಿದರು. ಸುಮಿತ್ರವ್ವ ಮಾತ್ರ ಕುರ್ಚಿ ಬಿಟ್ಟು ಏಳಲು ಸುತಾರಾಂ ಒಪ್ಪಲಿಲ್ಲ.

ಅಲ್ಮಾಸಬಿ ಸಣ್ಣ ಕೊಕ್ಕೆಯ ತಂತಿಯನ್ನು ತೂತಿಗೆ ಇಳಿಸಿ ಎಳೆದಳು. ಕಪ್ಪು ಮೇಣದಂಥದು ಅಂಟಿಕೊಂಡು ಬಂತು. ಮೂಸಿ ನೋಡಿ ಹುಬ್ಬು ಏರಿಸಿದಳು. ಎಣ್ಣೆ ಬಿಟ್ಟರೆ ಹೇಗೆ ಎಂದು ಸುಮಿತ್ರವ್ವ ಕೇಳಿದಳು.

"ತುಪ್ಪಾ ಕುಡದ ಕುಡದ ಇದು ಹಿಂಗ ಆಗೇತ್ರಿ ಅವ್ವಾರ. ಇನ್ನೂ ಕುಡಸಬ್ಯಾಡ್ರಿ."

ಅಡುಗೆಮನೆಯಲ್ಲಿ ಕಬ್ಬಿಣದ ಕಡ್ಡಿ ಕಾಯಿಸಿ ತಂದು ತೂತಿಗೆ ಇಟ್ಟಳು. ಹಳಸಿದ ತುಪ್ಪದ ವಾಸನೆ ಸಂದಿಯ ತುಂಬ ಎದ್ದಿತು. ಕೀಲಿ ಆರಿದ ಮೇಲೆ ಸೀಮೆಎಣ್ಣೆ ಹಾಕಿ, ಕೆದಕಿ, ಮತ್ತೆ ಹಾಕಿದಳು. ಒಂದು ತಾಸಿಗೆ ಪೇಪರಿನ ಮೇಲೆ ವಿಭೂತಿ ಕುಂಕುಮ ತುಪ್ಪ ಎಲ್ಲ ಸೇರಿ ಲಿಂಬೆಹಣ್ಣಿನಷ್ಟು ಉಂಡೆ ಕೂಡಿತು. ಅದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದರಾಗ ಚಾವಿ ತಿರುಗಿ ನಾಕೈದು ವರ್ಷರ ಆಗಿರಬೇಕ್ರಿ."

ಕೆಲಸ ಬಲ್ಲವಳ ಮಾತು. ಯಾರನ್ನೂ ಚುಚ್ಚಲು ಆಡಿದ್ದಲ್ಲ. ಸುಮಿತ್ರವ್ವನಿಗೆ ಮಾತ್ರ ಸೊಸೆಯ ಕಡೆ ನೋಡುವ ಧೈರ್ಯ ಆಗಲಿಲ್ಲ. ಚಾವಿ ಗಡಗಡ ತಿರುಗಿತು. ಅಲ್ಮಾಸಬಿ ಕೈತೊಳೆಯಲು ಹಿತ್ತಲಿಗೆ ಹೋದಳು.

ಕಾಂಚನಾ ಸೆರಗು ಬಿಗಿದು, ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ನೀರಿನ ಬಕೀಟು ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಕೀಟು ಯಾಕೆ? ಅತ್ತೆ ಪ್ರತಿ ತಿಂಗಳೂ ದೀಪ ಹಚ್ಚುವ ಕೋಲಿಗೆ ಕಸಬರಿಗೆ ಯಾಕೆ? ಬಾಗಿಲು ತೆರೆಯುವ ಮೊದಲೇ ಅವನ್ನು ತಂದಿಟ್ಟುಕೊಂಡಿದ್ದಳಲ್ಲ!

ಅರ್ಧ ತಾಸಿನ ಮೇಲೆ ಕಾಂಚನಾ ಹೊರಗೆ ಬಂದಳು. ಕೂದಲ ತುಂಬ ಜೇಡರ ಬಲೆ, ಬಕೀಟಿನಲ್ಲಿ ಕೆಸರು.

"ಯಾವಾಗಿಂದ ಗೊತ್ತಿತ್ತ ನಿನಗ?" ಎಂದಳು ಸುಮಿತ್ರವ್ವ.

"ಮೊದಲನೇ ಅಮಾಸಿಯಿಂದ್ರಿ. ದೀಪದ ಮಸಿ ಬಾಗಲದ ಹೊರಗ ಹತ್ತಿತ್ತು. ಯಾರರ ನೋಡ್ಯಾರಂತ ಪ್ರತಿ ಸಲಾ ನಾನ ತಿಕ್ಕಿ ತೊಳದೇನಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನೀವ ಹೇಳ್ತೀರೇನಂತ ಕಾದ್ನ್ರಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಮಿತ್ರವ್ವನೂ ಏನಾದರೊಂದು ಅಂದು ಹಗುರಾಗುತ್ತಿದ್ದಳು. ಕಾಂಚನಾ ಕೆಸರು ಚೆಲ್ಲಿ, ಮುಖ ತೊಳೆದು, ಒಳಗೆ ದೀಪ ಹಚ್ಚಿ, ಆರತಿ ತಟ್ಟೆ ಹಿಡಿದು ಪಡಸಾಲೆಗೆ ನಡೆದಳು. ಅಲ್ಲಿ ಶಿವಲಕ್ಷ್ಮಿ ಕಾದೇ ಕುಂತಿದ್ದಳು. ವೈನಿ ಸುಮಿತ್ರವ್ವನ ಕೈಗೆ ಎರಡು ನಿಮಿಷಕ್ಕೆ ತೆರೆಯುತ್ತಿದ್ದ ಬಾಗಿಲು ಇವಳಿಗೆ ಎರಡು ತಾಸು ಕಾಡಿತು, ಇದು ಒಳ್ಳೆಯ ಲಕ್ಷಣವಲ್ಲ, ಚಾವಿ ಮೊದಲಿನವರ ಸೊಂಟದಲ್ಲೇ ಇರಲಿ ಎಂದು ಶಿವಯೋಗಿಗೆ ಹೇಳುತ್ತಿದ್ದಳು. ಕಾಂಚನಾ ಕೇಳಿಸದವಳಂತೆ ಆರತಿ ಕೊಡುತ್ತ ಹೋದಳು. ಸುಮ್ಮನಿದ್ದರೆ ಸುಮಿತ್ರವ್ವ ಸಾಯುವವರೆಗೂ ಸುಮ್ಮನಿರಬಹುದಿತ್ತು.

ಕೋಲೂರಿಕೊಂಡು ಪಡಸಾಲೆಯ ಹೊಸ್ತಿಲಿಗೆ ಬಂದಳು.

"ಶಿವಲಕ್ಷ್ಮಿ, ಐದು ವರ್ಷ ಆತು, ಆ ಬಾಗಲಾ ನನ್ನ ಕೈಯಾಗೂ ತಗದಿಲ್ಲ. ನಾ ಸಂದ್ಯಾಗ ಕುಂತು ನಿಮಗೆಲ್ಲಾ ಸುಳ್ಳ ಆರತಿ ಕೊಟ್ಟೇನಿ. ಇವತ್ತಿಂದು ಖರೇದು."

ಶಿವಯೋಗಿ ವಿಭೂತಿ ಹಿಡಿದ ಬೆರಳನ್ನು ಹಣೆಗೆ ಒಯ್ಯುವುದನ್ನೇ ಮರೆತಿದ್ದ. ಕಾಂಚನಾ ಎಲ್ಲರನ್ನೂ ದಾಟಿ ಬಂದು ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು. ಅಷ್ಟು ವರ್ಷ ಎಲ್ಲರಿಗೂ ಕೊಟ್ಟ ಆರತಿಯನ್ನು ಸುಮಿತ್ರವ್ವ ತಾನು ಮಾತ್ರ ಒಮ್ಮೆಯೂ ತೆಗೆದುಕೊಂಡಿರಲಿಲ್ಲ. ಅಷ್ಟು ಭಯ ಆಕೆಗೆ ಇತ್ತು. ಈಗ ಕೈ ಚಾಚಿದಳು.

"ತಗೋರಿ," ಎಂದಳು ಕಾಂಚನಾ.